ಮದುವೆ ಫೋಟೋದಲ್ಲಿ ಕೂತ ಹುಡುಗಿಯ ತವರು ಯಾವುದು?

ಹಳೆಯ ಮದುವೆ ಫೋಟೋ ಇಟ್ಟುಕೊಂಡು ಮನೆತನದ ಚರಿತ್ರೆ ಹುಡುಕುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಮದುಮಗನ ಹೆಸರು ಎಲ್ಲರಿಗೂ ಗೊತ್ತು. ಅವನ ಅಪ್ಪ, ಅಜ್ಜ ಯಾರು, ಜಮೀನು ಎಷ್ಟಿತ್ತು ಅನ್ನುವುದೂ ಗೊತ್ತು. ಪಕ್ಕದಲ್ಲಿ ಕೂತ ಹುಡುಗಿ ಯಾವ ಊರಿನವಳು, ಅವಳ ಅಪ್ಪ ಅಮ್ಮ ಯಾರು ಅಂದರೆ ಮಾತು ನಿಂತುಹೋಗುತ್ತದೆ. ಆದ್ದರಿಂದ ಈ ಉತ್ತರಗಳು ಅವಳ ಕಡೆಗೇ ಜಾಸ್ತಿ ವಾಲಿವೆ.

ಪ್ರಶ್ನೆ: ಊರಿನ ಮನೆ ಮಾರುವ ಮುಂಚೆ ಅಟ್ಟ ಖಾಲಿ ಮಾಡುವಾಗ ತಾತನ ಮದುವೆ ಫೋಟೋ ಸಿಕ್ಕಿತು. ಅಜ್ಜಿ ನಮ್ಮ ತಂದೆ ಕೈಕೂಸಾಗಿದ್ದಾಗಲೇ ತೀರಿಕೊಂಡರು. ಅವರ ಹೆಸರೊಂದು ಬಿಟ್ಟರೆ ತಂದೆಗೂ ಏನೂ ಗೊತ್ತಿರಲಿಲ್ಲ. ಈಗ ತಂದೆಯೂ ಇಲ್ಲ. ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ ‘ಪ್ರಮಾಥಿ, ವೈಶಾಖ’ ಎಂದು ಬರೆದಿದೆ. ‘ಬೆಂಗಳೂರು ಸಿಟಿ’ ಎಂದು ಇಂಗ್ಲಿಷಿನಲ್ಲಿ ಸ್ಟುಡಿಯೋ ಮೊಹರೂ ಇದೆ, ಹೆಸರು ಅಳಿಸಿಹೋಗಿದೆ. ನಿಂತವರಲ್ಲಿ ಒಬ್ಬರು ಗಾಂಧಿ ಟೋಪಿ ಹಾಕಿದ್ದಾರೆ. ತಾತನ ತಂಗಿಯೊಬ್ಬರು ಇದ್ದಾರೆ, ತೊಂಬತ್ತು ದಾಟಿದೆ. ಎಲ್ಲಿಂದ ಶುರು ಮಾಡಲಿ? (ಓದುಗರು, ಹಾಸನ)

ಉತ್ತರ: ತಾತನ ತಂಗಿಯಿಂದ ಶುರು ಮಾಡಿ. ಈ ವಾರವೇ ಹೋಗಿ. ಕಚೇರಿಯ ಕಡತ ಇನ್ನೊಂದು ವರ್ಷ ಕಾಯುತ್ತದೆ, ಅವರು ಕಾಯುತ್ತಾರೆ ಅಂತ ಹೇಳೋಕಾಗಲ್ಲ.

ಹೋಗುವಾಗ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಳ್ಳಿ, ಒಂದೊಂದು ಮುಖವೂ ಬೇರೆ ಬೇರೆ ಕಾಣುವ ಹಾಗೆ. ಆ ವಯಸ್ಸಿನ ಕಣ್ಣಿಗೆ ಮೂಲ ಫೋಟೋದ ಚಿಕ್ಕ ಮುಖಗಳು ಕಾಣುವುದಿಲ್ಲ. ಕಾಣುತ್ತಿಲ್ಲ ಅಂತ ಹೇಳಲು ಮುಜುಗರಪಟ್ಟು ‘ನೆನಪಿಲ್ಲಪ್ಪ’ ಅಂದುಬಿಡುತ್ತಾರೆ. ‘ಇವರು ಯಾರು’ ಅಂತ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಕೇಳಿದರೆ ಪರೀಕ್ಷೆಗೆ ಕೂರಿಸಿದಂತಾಗುತ್ತದೆ. ಅದರ ಬದಲು ಮದುವೆಯ ದಿನದ ಬಗ್ಗೆ ಕೇಳಿ. ದಿಬ್ಬಣ ಎಲ್ಲಿಗೆ ಹೋಯಿತು, ಗಾಡಿಯಲ್ಲೋ ಮೋಟಾರಿನಲ್ಲೋ, ದಾರಿಯಲ್ಲಿ ಹೊಳೆ ದಾಟಿದಿರಾ, ರಾತ್ರಿ ಎಲ್ಲಿ ಮಲಗಿದಿರಿ, ಊಟಕ್ಕೆ ಏನು ಮಾಡಿದ್ದರು. ಅವರಿಗಾಗ ಏಳೋ ಎಂಟೋ ವರ್ಷ ಇದ್ದಿರಬೇಕು. ಆ ವಯಸ್ಸಿನ ಮಗುವಿಗೆ ಬೀಗರ ಹೆಸರು ನೆನಪಿರುವುದಿಲ್ಲ, ಗಾಡಿ ಪ್ರಯಾಣ ನೆನಪಿರುತ್ತದೆ. ಬಹಳ ಮನೆತನಗಳಲ್ಲಿ ಮದುವೆ ನಡೆಯುತ್ತಿದ್ದುದು ಹೆಣ್ಣಿನ ಮನೆಯಲ್ಲೇ. ದಿಬ್ಬಣ ಹೋದ ದಾರಿ ಸಿಕ್ಕರೆ ಅಜ್ಜಿಯ ಊರು ಸಿಕ್ಕ ಹಾಗೇ ಅಲ್ವಾ? ಗಂಡಿನ ಮನೆಯಲ್ಲಿ ಮದುವೆ ಮಾಡುವ ಪದ್ಧತಿಯೂ ಕೆಲವರಲ್ಲಿ ಇತ್ತು. ನಿಮ್ಮವರಲ್ಲಿ ಹೇಗೆ ಅಂತ ಮೊದಲು ಕೇಳಿಕೊಳ್ಳಿ. ಮಾತು ರೆಕಾರ್ಡ್ ಮಾಡಲು ಒಪ್ಪಿಗೆ ತೆಗೆದುಕೊಳ್ಳಿ. ಒಂದೇ ಸಲಕ್ಕೆ ಎಲ್ಲ ಕೇಳಿ ಸುಸ್ತು ಮಾಡಬೇಡಿ, ಎರಡನೇ ಸಲ ಹೋದಾಗ ಮೊದಲ ಸಲ ಬಾರದ್ದು ತಾನಾಗಿ ಬರುತ್ತದೆ.

ಇನ್ನು ಇಸವಿ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಪ್ರಮಾಥಿ ಬಂದದ್ದು 1879ರಲ್ಲಿ, 1939ರಲ್ಲಿ, ಮತ್ತೆ 1999ರಲ್ಲಿ. ಗಾಂಧಿ ಟೋಪಿ ರೂಢಿಗೆ ಬಂದದ್ದೇ 1920ರ ಅಸಹಕಾರ ಚಳವಳಿಯ ಹೊತ್ತಿಗೆ. ಹಾಗಾಗಿ ನಿಮ್ಮದು 1939. ಆ ವರ್ಷದ ವೈಶಾಖ ಅಂದರೆ ಏಪ್ರಿಲ್ ಕೊನೆಯ ಭಾಗದಿಂದ ಮೇ ನಡುವಿನವರೆಗೆ. ಪೆನ್ಸಿಲ್ ಬರಹ ಫೋಟೋದಷ್ಟೇ ಹಳೆಯದೋ, ಆಮೇಲೆ ಯಾರೋ ನೆನಪಿನಿಂದ ಬರೆದದ್ದೋ ಅನ್ನುವ ಅನುಮಾನ ಮಾತ್ರ ಇಟ್ಟುಕೊಳ್ಳಿ. ತಾತನ ಕೈಬರಹದ ಬೇರೆ ಕಾಗದ ಇದ್ದರೆ ಹೋಲಿಸಿ ನೋಡಿ.

ಮೊಹರು ಕೂಡ ಬಹಳ ಹೇಳುತ್ತದೆ. ಬೆಂಗಳೂರಿನಲ್ಲಿ ಸಿಟಿ ಮೈಸೂರು ಮಹಾರಾಜರ ಆಡಳಿತದಲ್ಲಿತ್ತು, ಕಂಟೋನ್ಮೆಂಟ್ 1947ರವರೆಗೂ ಬ್ರಿಟಿಷರ ಕೈಯಲ್ಲಿತ್ತು, ಆದ್ದರಿಂದ ವಿಳಾಸದಲ್ಲಿ ಎರಡನ್ನೂ ಬೇರೆಯಾಗಿಯೇ ಬರೆಯುತ್ತಿದ್ದರು. ಬೇರೆ ಓದುಗರಿಗೂ ಇದು ಉಪಯೋಗಕ್ಕೆ ಬರುತ್ತದೆ: ಮೊಹರಿನಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟ್ 15ರ ನಂತರದ್ದು, ಪಿನ್ ಕೋಡ್ ಶುರುವಾದದ್ದೇ ಆವತ್ತು. ‘ಮೈಸೂರು ರಾಜ್ಯ’ ಅಂತ ಇದ್ದರೆ 1973ರ ನವೆಂಬರಿನಲ್ಲಿ ಕರ್ನಾಟಕ ಅಂತ ಹೆಸರಾಗುವುದಕ್ಕೆ ಮುಂಚಿನದು ಅಂತ ಹೆಚ್ಚುಕಮ್ಮಿ ಹೇಳಬಹುದು. ಮದುವೆ 1940ರದ್ದು, ಮೊಹರು 1975ರದ್ದು ಅಂತಾದರೆ ಯಾರೋ ಹಳೆಯದನ್ನು ಕಾಪಿ ಮಾಡಿಸಿದ್ದಾರೆ. ಆಗ ಮೂಲ ಪ್ರತಿ ಇನ್ನೊಬ್ಬ ಅಣ್ಣತಮ್ಮನ ಮನೆಯಲ್ಲಿ ಇರುವ ಸಾಧ್ಯತೆ ಇದೆ.

ಫೋಟೋದಲ್ಲಿ ಎಲ್ಲರ ಕಾಲ ಬಳಿ ನೋಡಿ. ಜಮಖಾನದ ಅಂಚಿನಾಚೆ ಮಣ್ಣು, ಹುಲ್ಲು ಕಂಡರೆ ಮನೆಯ ಮುಂದೆ ತೆಗೆದದ್ದು, ಹಿಂದೆ ಚಿತ್ರ ಬರೆದ ಪರದೆ ಇದ್ದರೂ ಸರಿ, ಏಕೆಂದರೆ ಪರದೆಯನ್ನು ಫೋಟೋದವರೇ ಹೊತ್ತು ತರುತ್ತಿದ್ದರು. ಸಮನಾದ ನೆಲ, ಪಕ್ಕದಲ್ಲಿ ಕೆತ್ತನೆಯ ಸ್ಟ್ಯಾಂಡು, ಹೂದಾನಿ ಇದ್ದರೆ ಸ್ಟುಡಿಯೋ. ಮದುವೆಯಾಗಿ ಎಷ್ಟೋ ದಿನದ ಮೇಲೆ ಪೇಟೆಗೆ ಹೋದಾಗ ಮದುವೆ ಸೀರೆ ಉಟ್ಟು ಫೋಟೋ ತೆಗೆಸಿಕೊಳ್ಳುವ ರೂಢಿ ಇತ್ತು. ಹಾಗಿದ್ದರೆ ಸುತ್ತ ನಿಂತವರು ಮದುವೆಗೆ ಬಂದವರಲ್ಲ, ಬೆಂಗಳೂರಿನಲ್ಲಿ ಇಳಿದುಕೊಂಡಿದ್ದ ಮನೆಯವರು ಇರಬಹುದು. ಇಷ್ಟರ ಮೇಲೆ ಹುಡುಕುವ ದಿಕ್ಕೇ ಬದಲಾಗುತ್ತದೆ.

ಮನೆ ಮಾರುವ ಗಡಿಬಿಡಿಯಲ್ಲಿ ಹಳೆಯ ಪಾತ್ರೆಗಳನ್ನು ತೂಕಕ್ಕೆ ಹಾಕಿಲ್ಲ ತಾನೇ? ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಹಿತ್ತಾಳೆ ಕೊಳಗ, ತಂಬಿಗೆ, ಹರಿವಾಣ, ಕಂಚಿನ ತಟ್ಟೆ, ಇವುಗಳ ಅಂಚಿನಲ್ಲೋ ತಳದಲ್ಲೋ ಹೆಸರು ಹೊಡೆಸಿರುತ್ತಾರೆ. ಕೊಟ್ಟವರ ಹೆಸರು, ಕೆಲವು ಸಲ ಊರು, ಕೆಲವು ಸಲ ತಾರೀಖು. ಹೆಣ್ಣಿಗೆ ತವರಿನವರು ಬಳುವಳಿ ಕೊಟ್ಟ ಪಾತ್ರೆಯ ಮೇಲೆ ಅವಳ ಹೆಸರೇ ಇರುತ್ತದೆ. ಆ ಕಾಲದ ಕಾಗದಪತ್ರಗಳಲ್ಲೆಲ್ಲೂ ಕಾಣದ ಹೆಣ್ಣುಮಕ್ಕಳ ಹೆಸರು ಹಿತ್ತಾಳೆಯ ಮೇಲೆ ಉಳಿದುಕೊಂಡಿದೆ. ಮುಯ್ಯಿ ಪಟ್ಟಿಯನ್ನೂ ಹುಡುಕಿ. ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಮದುವೆ ಮನೆಯಲ್ಲಿ ಬರೆದಿಟ್ಟ ಉದ್ದ ಪುಸ್ತಕ ಅದು. ಮುಂದೆ ಅವರ ಮನೆ ಮದುವೆಗೆ ಅಷ್ಟೇ ತೀರಿಸಬೇಕಲ್ಲ, ಅದಕ್ಕೆ ಜೋಪಾನವಾಗಿ ಇಟ್ಟಿರುತ್ತಾರೆ. ಒಂದು ರೂಪಾಯಿ ಎರಡು ರೂಪಾಯಿ ಮುಯ್ಯಿಯ ಪಕ್ಕದಲ್ಲಿ ಊರಿನ ಹೆಸರು ಬರೆದಿರುತ್ತಾರೆ. ಒಂದೇ ಊರಿನಿಂದ ತುಂಬಾ ಜನ ಬಂದಿದ್ದರೆ ಆ ಊರಿನಲ್ಲಿ ಅಜ್ಜಿಯ ಕಡೆಯವರನ್ನು ವಿಚಾರಿಸಬಹುದು.

ಊರು ಸಿಕ್ಕ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿ. ಮಗಳಿಗೆ ಅರಿಶಿನ ಕುಂಕುಮಕ್ಕೆ ಅಂತ ಜಮೀನು ಬರೆದುಕೊಡುತ್ತಿದ್ದವರು ಇದ್ದರು. ಅಂಥ ದಾನಪತ್ರದಲ್ಲಿ ‘ನನ್ನ ಮಗಳಾದ ಇಂಥವಳಿಗೆ, ಇಂಥವರ ಹೆಂಡತಿಗೆ’ ಎಂದು ಎರಡೂ ಮನೆಯ ಹೆಸರು ಒಟ್ಟಿಗೆ ಬರುತ್ತದೆ. ಅಲ್ಲಿ ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ ಇರುತ್ತದೆ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಹೆಸರಿನ ಸೂಚಿಯಲ್ಲೇ ಹುಡುಕಿಸಿ.

ಪ್ರಶ್ನೆ: ಅಜ್ಜಿಯ ಮದುವೆ ಫೋಟೋ, ಲಗ್ನಪತ್ರಿಕೆ ಎರಡೂ ನಮ್ಮಲ್ಲಿವೆ. ಪತ್ರಿಕೆಯಲ್ಲಿ ‘ಶುಕ್ಲನಾಮ ಸಂವತ್ಸರ, ಫಾಲ್ಗುಣ ಮಾಸ’ ಎಂದಿದೆ. ವಧುವಿನ ಹೆಸರು ಮಾತ್ರ ನಾವು ಕೇಳಿದ ಅಜ್ಜಿಯ ಹೆಸರಲ್ಲ. ಇದು ಅಜ್ಜನ ಬೇರೆ ಮದುವೆಯೇ ಎಂದು ಮನೆಯಲ್ಲಿ ಚರ್ಚೆ ನಡೆದಿದೆ. ಮದುವೆಯಾದಾಗ ಅಜ್ಜಿಗೆ ಹದಿನಾಲ್ಕು ತುಂಬಿತ್ತು ಎನ್ನುತ್ತಾರೆ, ಫೋಟೋದಲ್ಲಿ ಹತ್ತು ವರ್ಷದ ಹುಡುಗಿಯಂತೆ ಕಾಣುತ್ತಾಳೆ. (ಓದುಗರು, ಧಾರವಾಡ)

ಉತ್ತರ: ಬೇರೆ ಮದುವೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ನಿಮ್ಮ ಕಡೆ ಅನೇಕ ಮನೆತನಗಳಲ್ಲಿ ಮದುವೆಯ ದಿನ ಹುಡುಗಿಗೆ ಹೊಸ ಹೆಸರು ಇಡುತ್ತಿದ್ದರು. ತಟ್ಟೆಯಲ್ಲಿ ಅಕ್ಕಿ ಹರಡಿ ಗಂಡ ಉಂಗುರದಿಂದ ಆ ಹೆಸರು ಬರೆಯುತ್ತಿದ್ದ. ಪತ್ರಿಕೆಯಲ್ಲಿ ಅಚ್ಚಾದದ್ದು ತವರಿನ ಹೆಸರು, ನೀವು ಕೇಳಿದ್ದು ಗಂಡನ ಮನೆಯ ಹೆಸರು. ಎರಡೂ ಒಬ್ಬರದೇ ಆಗಿರುವ ಸಾಧ್ಯತೆ ದೊಡ್ಡದು. ತವರಿನವರ ಕಾಗದಗಳಲ್ಲಿ ಹುಡುಕುವಾಗ ಹಳೆಯ ಹೆಸರು, ಗಂಡನ ಮನೆಯ ಕಾಗದಗಳಲ್ಲಿ ಹೊಸ ಹೆಸರು ಹಿಡಿದು ಹೋಗಬೇಕು. ತವರಿನ ಕಡೆ ಯಾರಾದರೂ ಸಿಕ್ಕಾಗ ಹೊಸ ಹೆಸರು ಹೇಳಿದರೆ ‘ಆ ಹೆಸರಿನ ಹೆಣ್ಣುಮಗಳು ನಮ್ಮಲ್ಲಿ ಇರಲೇ ಇಲ್ಲ’ ಅಂತ ಅವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಎಷ್ಟೋ ಹುಡುಕಾಟಗಳು ಅಲ್ಲೇ ನಿಂತುಬಿಡುತ್ತವೆ.

ಪತ್ರಿಕೆಯ ತಿಂಗಳನ್ನು ಗಮನಿಸಿ. ಶುಕ್ಲ ಸಂವತ್ಸರದ ಫಾಲ್ಗುಣ ಅಂದರೆ 1930ರ ಮಾರ್ಚ್. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಅಂದರೆ ಬ್ರಿಟಿಷ್ ಇಂಡಿಯಾ. ಶಾರದಾ ಕಾಯ್ದೆ ಅಂತ ಹೆಸರಾದ ಬಾಲ್ಯವಿವಾಹ ತಡೆ ಕಾಯ್ದೆ 1929ರಲ್ಲಿ ಪಾಸಾಗಿ 1930ರ ಏಪ್ರಿಲ್ 1ರಂದು ಜಾರಿಗೆ ಬಂತು. ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಆಗಿರಬೇಕು ಅಂತ ಅದು ಹೇಳಿತು. ಜಾರಿಗೆ ಬರುವ ಮುಂಚಿನ ಆ ಕೆಲವು ತಿಂಗಳು ದೇಶದ ತುಂಬಾ ಚಿಕ್ಕ ಮಕ್ಕಳ ಮದುವೆಗಳನ್ನು ಅವಸರದಲ್ಲಿ ಮಾಡಿ ಮುಗಿಸಿದರು. ನಿಮ್ಮ ಅಜ್ಜಿಯ ಮದುವೆ ಅದೇ ಗಡಿಬಿಡಿಯಲ್ಲಿ ಆದದ್ದು ಅಂತ ನನಗೆ ಅನಿಸುತ್ತದೆ. ಹದಿನಾಲ್ಕು ಅನ್ನುವ ಸಂಖ್ಯೆ ಕಾಯ್ದೆಯಿಂದ ಬಂದು ಮನೆಯ ಮಾತಿಗೆ ಸೇರಿಕೊಂಡಿರಬಹುದು. ಜಾತಕ ಸಿಕ್ಕರೆ ಇದು ತೀರುತ್ತದೆ. ಅಷ್ಟು ಚಿಕ್ಕ ವಯಸ್ಸಿಗೆ ತವರು, ಹೆಸರು ಎರಡನ್ನೂ ಬಿಟ್ಟು ಬಂದ ಹುಡುಗಿ ಅವಳು. ಅವಳ ಮೊದಲ ಹೆಸರನ್ನು ದಯವಿಟ್ಟು ವಂಶವೃಕ್ಷದಲ್ಲಿ ಮೊದಲು ಬರೆಯಿರಿ, ಎರಡನೆಯದನ್ನು ಅದರ ಪಕ್ಕದಲ್ಲಿ.

ನಿಮ್ಮ ಅಡ್ಡಹೆಸರು ಕುಲಕರ್ಣಿ, ದೇಶಪಾಂಡೆ, ದೇಸಾಯಿ ಈ ಥರದ್ದಾದರೆ ವತನದ (ವಂಶಪಾರಂಪರ್ಯದ ಹುದ್ದೆ, ಅದರ ಜಮೀನು) ಕಾಗದಗಳಲ್ಲಿ ವಂಶಾವಳಿಯೇ ಸಿಗಬಹುದು, ಏಕೆಂದರೆ ವತನ ಯಾರಿಗೆ ಹೋಗಬೇಕು ಅನ್ನುವುದಕ್ಕೆ ಸರಕಾರಕ್ಕೆ ಅದು ಬೇಕಿತ್ತು. ಹಳೆಯವು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ ಇರುತ್ತವೆ, ಓದುವವರನ್ನು ಹುಡುಕಿಕೊಳ್ಳಬೇಕು. ಆದರೆ ಅದು ಗಂಡುಮಕ್ಕಳ ಪಟ್ಟಿ. ಹೆಣ್ಣುಮಕ್ಕಳ ಹೆಸರು ಬೇಕಾದರೆ ಮನೆಯ ಪುರೋಹಿತರನ್ನು ಕೇಳಿ. ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರನ್ನೂ ಹೇಳಬೇಕು. ಮಹಾಲಯದಲ್ಲಿ ತಾಯಿಯ ತವರಿನವರ ಹೆಸರೂ ಬರುತ್ತದೆ. ಅದಕ್ಕಾಗಿ ಪುರೋಹಿತರ ಪುಸ್ತಕದಲ್ಲೋ ನಿಮ್ಮ ಅಜ್ಜನ ಡೈರಿಯಲ್ಲೋ ಪಟ್ಟಿ ಇರುತ್ತದೆ. ಪಕ್ಷದಲ್ಲಿ ಎಡೆ ಇಡುವ ಬೇರೆ ಮನೆತನಗಳಲ್ಲೂ ಯಾರ ಯಾರ ಹೆಸರಿನಲ್ಲಿ ಎಡೆ ಇಡುತ್ತೀರಿ ಅಂತ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ ಬರೆದುಕೊಳ್ಳಿ.

ಮತದಾರರ ಪಟ್ಟಿಯಲ್ಲಿ ನೋಡಬಹುದಾ ಅಂತ ಬೇರೆ ಕೆಲವರು ಕೇಳಿದ್ದಾರೆ. ನೋಡಿ, ಆದರೆ ಇದು ಗೊತ್ತಿರಲಿ: 1951-52ರ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಮಾತ್ರ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಣ್ಣುಮಕ್ಕಳನ್ನು ಪಟ್ಟಿಯಿಂದಲೇ ಕೈಬಿಟ್ಟರು. ಅದು ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ ಆದದ್ದು. ಹೆಸರು ಹೇಳದಿರುವ ಸಂಕೋಚ ನಮ್ಮಲ್ಲಿ ಇರಲಿಲ್ಲ ಅಂತ ಯಾರು ಹೇಳುತ್ತಾರೆ?

ಪ್ರಶ್ನೆ: ಅಜ್ಜನ ಮದುವೆ ಫೋಟೋದ ಜೊತೆ ಉರ್ದುವಿನ ಕಾಗದಗಳು ಸಿಕ್ಕಿವೆ. ‘1349 ಫಸಲಿ’ ಅಂತ ಇದೆಯಂತೆ. ನಾವು ಕನ್ನಡದವರು, ನಮ್ಮ ಕಾಗದ ಉರ್ದುವಿನಲ್ಲಿ ಯಾಕೆ? (ಓದುಗರು, ಕಲಬುರಗಿ)

ಉತ್ತರ: ನಿಮ್ಮ ಜಿಲ್ಲೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಅಲ್ಲಿ ಕಚೇರಿ ಭಾಷೆ ಉರ್ದು. ಫಸಲಿ ಅಂದರೆ ಅಲ್ಲಿನ ಕಂದಾಯದ ವರ್ಷ, ಇಸವಿ ಬೇಕಾದರೆ ಅದಕ್ಕೆ 590 ಕೂಡಿಸಿ. 1349 ಅಂದರೆ 1939-40. ಓದಿಸಲು ದೂರ ಹೋಗಬೇಕಿಲ್ಲ, ನಿಮ್ಮ ಊರಿನ ಉರ್ದು ಶಾಲೆಯ ನಿವೃತ್ತ ಮೇಷ್ಟರೇ ಸಾಕು. ಹಳೆಯ ಕಂದಾಯ ಕಾಗದದ ಬರವಣಿಗೆ ಗೊತ್ತಿದ್ದವರಾದರೆ ಇನ್ನೂ ಒಳ್ಳೆಯದು.

1956ರ ನವೆಂಬರ್ 1ಕ್ಕೆ ಮುಂಚೆ ಈಗಿನ ಕರ್ನಾಟಕ ಹಂಚಿಹೋಗಿತ್ತು ಅನ್ನುವುದನ್ನು ಹುಡುಕುವವರೆಲ್ಲ ನೆನಪಿಡಬೇಕು. ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದಿಗೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈಗೆ. ದಕ್ಷಿಣ ಕನ್ನಡ, ಕೊಳ್ಳೇಗಾಲ ಮದ್ರಾಸಿಗೆ. ಬಳ್ಳಾರಿಯೂ ಮದ್ರಾಸಿನಲ್ಲೇ ಇದ್ದು 1953ರಲ್ಲಿ ಮೈಸೂರಿಗೆ ಬಂತು. ಕೊಡಗು ತನ್ನ ಪಾಡಿಗೆ ಬೇರೆ. ಕೆಲವು ಚಿಕ್ಕ ಸಂಸ್ಥಾನಗಳೂ ಇದ್ದವು. ಮೇಲಿನ ಕಚೇರಿಗಳ ಕಡತ ಆಯಾ ರಾಜಧಾನಿಯಲ್ಲಿ ಉಳಿದಿದೆ. ನಿಮ್ಮ ಕಡೆಯದಕ್ಕೆ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಹಳೆ ಮೈಸೂರಿನವರಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇದೆ, ಅದರ ಮೈಸೂರು ವಿಭಾಗೀಯ ಕಚೇರಿಯೂ ಇದೆ. ಊರು, ತಾಲ್ಲೂಕು, ಇಸವಿ ಮೂರೂ ಗೊತ್ತಿಲ್ಲದೆ ಪತ್ರಾಗಾರಕ್ಕೆ ಹೋದರೆ ಸುಮ್ನೆ ದಿನ ಹಾಳು. ಮನೆಯ ಕೆಲಸ ಮುಗಿಸಿಕೊಂಡು ಕೊನೆಯಲ್ಲಿ ಹೋಗಿ.

ಪ್ರಶ್ನೆ: ಅವ್ವನ ಮದುವೆ ಫೋಟೋದಲ್ಲಿ ಕಾಣುವ ಮನೆ, ಓಣಿ, ಗುಡಿ ಎಲ್ಲ ಹಿನ್ನೀರಿನಲ್ಲಿ ಮುಳುಗಿವೆ. ಓಣಿಯ ಜನ ಚದುರಿ ಹೋಗಿದ್ದಾರೆ. ಯಾರನ್ನು ಕೇಳುವುದು? (ಓದುಗರು, ಬಾಗಲಕೋಟೆ)

ಉತ್ತರ: ಹೆಳವರನ್ನು ಕೇಳಿ. ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೇ ಎಂದು ಹಿರಿಯರಲ್ಲಿ ವಿಚಾರಿಸಿ. ಎತ್ತಿನೊಡನೆ ಊರೂರು ತಿರುಗಿ, ಒಕ್ಕಲ ಮನೆಯ ಮುಂದೆ ನಿಂತು ಆ ಮನೆತನದ ಮೂಲ ಊರು, ಬೆಡಗು (ಕುಲದ ಒಳಪಂಗಡ), ತಲೆಮಾರುಗಳನ್ನು ಹೇಳಿ ಕಾಳು ಪಡೆದು ಹೋಗುತ್ತಿದ್ದವರು. ಬಾಯಿಪಾಠದ ಜೊತೆಗೆ ಪುಸ್ತಕದಲ್ಲೂ ಬರೆದಿಟ್ಟಿದ್ದಾರೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಳ್ಳುತ್ತಾ ಬಂದಿದ್ದಾರೆ. ಯಾವ ಹೆಳವರ ಮನೆಗೆ ಯಾವ ಒಕ್ಕಲು ಅನ್ನುವುದು ಹಂಚಿಕೆಯಾಗಿರುತ್ತದೆ, ಆದ್ದರಿಂದ ನಿಮ್ಮ ಬೆಡಗಿನ ಇನ್ನೊಂದು ಊರಿನ ಜನರನ್ನು ಕೇಳಿದರೆ ನಿಮ್ಮ ಹೆಳವರು ಯಾರೆಂದು ಗೊತ್ತಾಗುತ್ತದೆ. ಊರು ಮುಳುಗಿದರೂ ಅವರ ಪುಸ್ತಕ ಮುಳುಗಿಲ್ಲ. ಅವರು ಬಂದಾಗ ಕೈ ತುಂಬಾ ಕೊಟ್ಟು ಗೌರವದಿಂದ ಕಳಿಸಿ, ಇದು ಅವರ ವಿದ್ಯೆ, ಅವರ ಜೀವನ. ಪುಸ್ತಕದ ಫೋಟೋ ತೆಗೆಯುವುದಾದರೆ ಅವರ ಒಪ್ಪಿಗೆ ಇರಲಿ.

ಇನ್ನೊಂದು ದಾರಿ ಭೂಸ್ವಾಧೀನದ ಕಡತ. ಪರಿಹಾರ ಕೊಡುವಾಗ ಯಾವ ಮನೆ ಯಾರದು, ಎಷ್ಟು ಅಳತೆ, ವಾರಸುದಾರರು ಯಾರು ಅಂತ ದಾಖಲೆ ಮಾಡಿರುತ್ತಾರೆ. ನಿಮ್ಮ ಮನೆಯ ಅಕ್ಕಪಕ್ಕದ ಹೆಸರುಗಳನ್ನೂ ಅದರಲ್ಲಿ ನೋಡಿಕೊಳ್ಳಿ. ಫೋಟೋದಲ್ಲಿ ಕಿಟಕಿಯಿಂದ ಇಣುಕುತ್ತಿರುವವರು ಅದೇ ಮನೆಯವರಿರಬಹುದು. ಲಿಂಗನಮಕ್ಕಿ, ತುಂಗಭದ್ರಾ, ಕನ್ನಂಬಾಡಿ ಕಡೆಯ ಮುಳುಗಡೆ ಊರಿನವರಿಗೂ ಇದೇ ಮಾತು.

ಪ್ರಶ್ನೆ: ನಮ್ಮ ಮುತ್ತಜ್ಜ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯಲ್ಲಿದ್ದರು. ಚರ್ಚಿನ ಮುಂದೆ ತೆಗೆದ ಮದುವೆ ಫೋಟೋ ಇದೆ, ಹೆಸರುಗಳಿಲ್ಲ. (ಓದುಗರು, ಮಂಗಳೂರು)

ಉತ್ತರ: ಬೇರೆಯವರಿಗೆ ಹೋಲಿಸಿದರೆ ನಿಮ್ಮ ದಾರಿ ಸುಲಭ. ಚರ್ಚಿನ ರಿಜಿಸ್ಟರಿನಲ್ಲಿ ಜ್ಞಾನಸ್ನಾನ, ಮದುವೆ, ಮರಣ ಮೂರನ್ನೂ ಬರೆಯುತ್ತಿದ್ದರು, ಮದುಮಗಳ ತಂದೆತಾಯಿಯ ಹೆಸರೂ ಅದರಲ್ಲಿ ಸಿಗುತ್ತದೆ. ಮೊದಲು ನಿಮ್ಮ ಸಭೆಯ ಪಾಸ್ಟರನ್ನು ಕಾಣಿ. ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅವರ ಪತ್ರಗಳು, ವರದಿಗಳು, ಸಾವಿರಾರು ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪತ್ರಾಗಾರದಲ್ಲಿವೆ. ಫೋಟೋಗಳನ್ನು ಇಂಟರ್‌ನೆಟ್ಟಿನಲ್ಲೇ ನೋಡಬಹುದು. ಅದೇ ಚರ್ಚಿನ ಬೇರೆ ಫೋಟೋ ಸಿಕ್ಕರೆ ಬಾಗಿಲು, ಕಂಬ, ಗಂಟೆಗೋಪುರ ಹೋಲಿಸಿ ನಿಮ್ಮದು ಯಾವ ಊರಿನ ಚರ್ಚು ಅಂತ ಖಚಿತ ಮಾಡಿಕೊಳ್ಳಿ. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿ ಇಟ್ಟರು, ಕಾರ್ಖಾನೆಗಳೂ ಕೈಬದಲಾದವು. ಫೋಟೋದಲ್ಲಿ ಯುರೋಪಿನ ಪಾದ್ರಿ ಇದ್ದಾರೋ ಇಲ್ಲವೋ ಅನ್ನುವುದೂ ಕಾಲ ಊಹಿಸಲು ಒಂದು ಸುಳಿವು.

ಕರಾವಳಿಯಲ್ಲಿ ಅಳಿಯಸಂತಾನದ ಮನೆತನದವರಿಗೆ ಒಂದು ಮಾತು. ನಿಮ್ಮಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ಫೋಟೋದಲ್ಲಿ ಮದುಮಗನ ಅಪ್ಪನನ್ನು ಹುಡುಕುವ ಮುಂಚೆ ಸೋದರಮಾವನನ್ನು ಹುಡುಕಿ, ಗೌರವದ ಜಾಗದಲ್ಲಿ ಕೂತಿರುವವರು ಅವರೇ ಇರಬಹುದು.

ಪ್ರಶ್ನೆ: ಫೋಟೋ ಕನ್ನಡಿಗೆ ಅಂಟಿಕೊಂಡಿದೆ. ಬಿಡಿಸಿ, ರಿಪೇರಿ ಮಾಡಿ, ಕಂಪ್ಯೂಟರಿನಲ್ಲಿ ಬಣ್ಣ ಹಾಕಿಕೊಡುತ್ತೇವೆ ಎಂದು ಅಂಗಡಿಯವರು ಹೇಳುತ್ತಾರೆ. ಕೊಡಬಹುದೇ? (ಓದುಗರು, ಬೆಂಗಳೂರು)

ಉತ್ತರ: ಬಿಡಿಸಲು ಬಿಡಬೇಡಿ. ಮುಖದ ಪದರವೇ ಗಾಜಿಗೆ ಕಿತ್ತುಕೊಂಡು ಬರುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ, 600 ಡಿಪಿಐ ಇರಲಿ, ಹಿಂಭಾಗವನ್ನೂ ಮಾಡಿಸಿ. ಲ್ಯಾಮಿನೇಷನ್ ಬೇಡ, ಹರಿದಲ್ಲಿ ಸೆಲ್ಲೋಟೇಪ್ ಬೇಡವೇ ಬೇಡ. ಬಣ್ಣ ಹಾಕಿದ ಪ್ರತಿ ಗೋಡೆಗೆ ಚೆನ್ನ, ಹುಡುಕಾಟಕ್ಕೆ ಉಪಯೋಗವಿಲ್ಲ. ಈಗಿನ ಸಾಫ್ಟ್‌ವೇರ್ ಮಸುಕಾದ ಮುಖಕ್ಕೆ ಕಣ್ಣು, ಹುಬ್ಬು, ತುಟಿಯನ್ನು ತಾನೇ ಊಹಿಸಿ ಬರೆಯುತ್ತದೆ. ಹಾಗೆ ಬಂದ ಮುಖ ನಿಮ್ಮ ಅಜ್ಜಿಯದಲ್ಲ. ಅದನ್ನು ತೋರಿಸಿ ‘ಇವರು ಯಾರು ಗುರುತು ಹಿಡಿಯಿರಿ’ ಎಂದು ಹಿರಿಯರನ್ನು ಕೇಳುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ತಾತನ ಮದುವೆ ಫೋಟೋದಲ್ಲಿ ಕೂತಿರುವ ಹೆಂಗಸು ನಮ್ಮ ಅಜ್ಜಿ ಅಲ್ಲ. ವಿಚಾರಿಸಿದಾಗ ತಾತನಿಗೆ ಮೊದಲೊಬ್ಬ ಹೆಂಡತಿ ಇದ್ದರು, ಮಕ್ಕಳಾಗಲಿಲ್ಲ ಎಂದು ತಿಳಿಯಿತು. ದೊಡ್ಡಪ್ಪ ‘ಅದೆಲ್ಲ ಕೆದಕಬೇಡ, ವಂಶವೃಕ್ಷದಲ್ಲಿ ಬರೆಯಬೇಡ’ ಎಂದು ಗದರಿದರು. (ಓದುಗರು, ಮೈಸೂರು)

ಉತ್ತರ: ದೊಡ್ಡಪ್ಪನವರ ಜೊತೆ ಜಗಳ ಮಾಡಬೇಡಿ, ಆದರೆ ತಾತನ ಆ ಮೊದಲ ಹೆಂಡತಿಯ ಹೆಸರು ಬರೆಯಿರಿ.

ಹಿಂದೂಗಳಲ್ಲಿ ಹೆಂಡತಿ ಇರುವಾಗಲೇ ಇನ್ನೊಂದು ಮದುವೆಯಾಗುವುದನ್ನು ಮುಂಬೈ ಪ್ರಾಂತ್ಯದಲ್ಲಿ 1946ರಲ್ಲಿ, ಮದ್ರಾಸಿನಲ್ಲಿ 1949ರಲ್ಲಿ ಕಾನೂನು ತಡೆಯಿತು. ದೇಶಕ್ಕೆಲ್ಲ ಅನ್ವಯವಾಗುವ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅಲ್ಲಿಯವರೆಗೆ ಮಕ್ಕಳಾಗಲಿಲ್ಲ ಅನ್ನುವುದೇ ಇನ್ನೊಂದು ಮದುವೆಗೆ ಸಾಕಷ್ಟು ಕಾರಣವಾಗಿತ್ತು. ನಿಮ್ಮ ತಾತನ ಮೊದಲ ಹೆಂಡತಿ ತೀರಿಕೊಂಡಿದ್ದರೋ, ಬದುಕಿದ್ದರೋ? ಅದು ಮೊದಲು ತಿಳಿಯಬೇಕು. ತೀರಿಕೊಂಡಿದ್ದರೆ ಮನೆಯಲ್ಲಿ ಅವರ ಹೆಸರಿನಲ್ಲಿ ಯಾವುದೋ ಹಬ್ಬದ ದಿನ ಸೀರೆ ಇಟ್ಟು ಪೂಜೆ ಮಾಡುವ ರೂಢಿ ಇತ್ತೇ, ಮುತ್ತೈದೆಯನ್ನು ಕರೆದು ಊಟ ಹಾಕುತ್ತಿದ್ದರೇ ಎಂದು ನಿಮ್ಮ ಅತ್ತೆಯರನ್ನು ಕೇಳಿ. ಬದುಕಿದ್ದರೆ ಆಸ್ತಿ ಪಾಲಿನ ಕಾಗದ ನೋಡಿ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ಬಂದಿತ್ತು, ಆದ್ದರಿಂದ ಆಮೇಲಿನ ವಿಭಾಗ ಪತ್ರಗಳಲ್ಲಿ ಹೆಂಗಸರ ಹೆಸರು ಸಿಗುವ ಸಾಧ್ಯತೆ ಹೆಚ್ಚು. ಜೀವನಾಂಶಕ್ಕೆ ಅಂತ ಬಿಟ್ಟ ಜಮೀನಿನ ಪಹಣಿಯಲ್ಲೂ ನೋಡಬಹುದು. ತಾತ ಸರಕಾರಿ ನೌಕರಿಯಲ್ಲಿದ್ದರೆ ಸರ್ವಿಸ್ ರಿಜಿಸ್ಟರ್, ಪಿಂಚಣಿ ಕಾಗದ ಹುಡುಕಿ.

ದೊಡ್ಡಪ್ಪನವರ ಹೆದರಿಕೆ ಬಹುಶಃ ಎರಡು. ಒಂದು ಮರ್ಯಾದೆ, ಇನ್ನೊಂದು ಆಸ್ತಿ. ಎರಡನೆಯದು ನಿಮ್ಮ ಉದ್ದೇಶವಲ್ಲ ಅಂತ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ, ಅರ್ಧ ಬಿಗಿ ಸಡಿಲವಾಗುತ್ತದೆ. ಇನ್ನು ಮರ್ಯಾದೆ. ಒಬ್ಬ ಹೆಣ್ಣುಮಗಳು ಬಾಸಿಂಗ ಕಟ್ಟಿಕೊಂಡು ನಿಮ್ಮ ಮನೆಗೆ ಬಂದಳು, ಅಲ್ಲಿ ದುಡಿದಳು, ಅವಳ ಫೋಟೋ ಇನ್ನೂ ಮನೆಯಲ್ಲೇ ಇದೆ. ಮಕ್ಕಳಾಗಲಿಲ್ಲ ಅನ್ನುವ ಕಾರಣಕ್ಕೆ ಆಗಲೇ ಒಮ್ಮೆ ಪಕ್ಕಕ್ಕೆ ಸರಿಸಿದ್ದಾಯಿತು. ಈಗ ಹೆಸರನ್ನೂ ಅಳಿಸಿದರೆ ನಾವು ಎರಡನೇ ಸಲ ಅದನ್ನೇ ಮಾಡಿದ ಹಾಗೆ. ಮನೆಯ ಹೊರಗೆ ಹಂಚುವ ಪ್ರತಿಯಲ್ಲಿ ವಿವರ ಬೇಡ ಅಂದರೆ ಬಿಡಿ, ಮನೆಯ ಪ್ರತಿಯಲ್ಲಿ ಇರಲಿ.

ಇದೇ ನೆಪದಲ್ಲಿ ಇನ್ನೊಂದು ವಿಷಯ. ಫೋಟೋದಲ್ಲಿ ಯಾರಿಲ್ಲ ಅಂತಲೂ ಕೇಳಿ. ಗಂಡ ಸತ್ತ ಹೆಂಗಸರನ್ನು ಮದುವೆ ಫೋಟೋಗೆ ಕರೆಯುತ್ತಿರಲಿಲ್ಲ. ಒಳಗೆ ಅಡುಗೆ ಮಾಡುತ್ತಿದ್ದವರು, ಮದುಮಗನನ್ನು ಸಾಕಿ ಬೆಳೆಸಿದ ಸೋದರತ್ತೆ, ಕೆಲವು ಸಲ ಮದುಮಗಳ ಹೆತ್ತ ತಾಯಿಯೇ ಆ ಚೌಕಟ್ಟಿನಿಂದ ಹೊರಗಿದ್ದಾರೆ. ಅಪ್ಪ ಇದ್ದು ಅಮ್ಮ ಇಲ್ಲದಿದ್ದರೆ ಅಮ್ಮ ತೀರಿಕೊಂಡಿರಬಹುದು. ಎರಡೂ ಕಡೆ ವಿಧವೆಯರೇ ಕಾಣದಿದ್ದರೆ ಅವರು ಒಳಗಿದ್ದಾರೆ ಅಂತ ತಿಳಿಯಬೇಕು.

ಪ್ರಶ್ನೆ: ಇಲ್ಲಿನ ಸ್ನೇಹಿತರು ಹಳೆಯ ಜನಗಣತಿ ನೋಡಿ ನಾಲ್ಕೈದು ತಲೆಮಾರು ಹುಡುಕುತ್ತಾರೆ. ನಮ್ಮ ಅಜ್ಜ ಅಜ್ಜಿಯನ್ನು ಹಾಗೆ ಹುಡುಕಬಹುದೇ? ಅಜ್ಜಿ ಅಜ್ಜನ ಅಕ್ಕನ ಮಗಳು, ವಂಶವೃಕ್ಷದ ಸಾಫ್ಟ್‌ವೇರ್ ಅದನ್ನು ತಪ್ಪು ಎನ್ನುತ್ತದೆ. (ಓದುಗರು, ನ್ಯೂಜೆರ್ಸಿ)

ಉತ್ತರ: ನಮ್ಮ ಜನಗಣತಿಯಲ್ಲಿ ಹೆಸರು ಸಿಗುವುದಿಲ್ಲ. ಒಬ್ಬೊಬ್ಬರ ವಿವರವನ್ನು ಸಾರ್ವಜನಿಕರಿಗೆ ಕೊಡುವುದಿಲ್ಲ, ಪ್ರಕಟವಾಗುವುದು ಬರೀ ಲೆಕ್ಕ. ಜನನ ಮರಣ ನೋಂದಣಿಯ ಈಗಿನ ಕಾಯ್ದೆಯೇ 1969ರದ್ದು. ಅದಕ್ಕೂ ಹಿಂದಿನದನ್ನು ಊರಿನ ಪಟೇಲರು, ಶಾನುಭೋಗರು ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಜ್ಜ ಓದಿದ ಪ್ರೈಮರಿ ಶಾಲೆಯ ದಾಖಲಾತಿ ಪುಸ್ತಕ ಇದಕ್ಕಿಂತ ನಂಬಿಕೆಯ ಜಾಗ. ಊರಿನಲ್ಲಿರುವ ಅಣ್ಣತಮ್ಮಂದಿರ ಮಕ್ಕಳನ್ನು ಕೇಳಿಕೊಳ್ಳಿ, ಹೆಡ್ ಮೇಷ್ಟರಿಗೆ ಅರ್ಜಿ ಕೊಟ್ಟು ನೋಡಲಿ. ನಿಮ್ಮ ಹಿರಿಯರಲ್ಲಿ ಯಾರಾದರೂ ಗಯೆಗೆ ಹೋಗಿದ್ದರೆ ಅಲ್ಲಿನ ಪಂಡರ, ಅಂದರೆ ತೀರ್ಥ ಪುರೋಹಿತರ, ಬಹಿಯಲ್ಲಿ (ಯಾತ್ರಿಕರ ಹೆಸರು ಬರೆದಿಡುವ ಪುಸ್ತಕದಲ್ಲಿ) ಊರಿನ ಹೆಸರಿನ ಕೆಳಗೆ ಅವರ ಹೆಸರು, ಅಪ್ಪ ಅಜ್ಜಂದಿರ ಹೆಸರು ಇರಬಹುದು.

ಅಕ್ಕನ ಮಗಳ ಮದುವೆ ತಪ್ಪಲ್ಲ, ನಮ್ಮಲ್ಲಿ ಬಹಳ ಮನೆತನಗಳ ರೂಢಿ. ಎಚ್ಚರಿಕೆ ಬಂದರೂ ಹಾಗೇ ಸೇವ್ ಮಾಡಿ. ಅಜ್ಜಿಯನ್ನು ಎರಡು ಕಡೆ ಎರಡು ಜನರಾಗಿ ಬರೆಯಬೇಡಿ, ಒಬ್ಬರನ್ನೇ ಎರಡೂ ಕಡೆಗೆ ಜೋಡಿಸಿ. ಫೋಟೋದಲ್ಲಿ ಗಂಡಿನ ಕಡೆ, ಹೆಣ್ಣಿನ ಕಡೆ ಅಂತ ಬೇರೆ ಮಾಡಲು ಹೋದಾಗಲೂ ಇದು ನೆನಪಿರಲಿ. ನಿಮ್ಮ ಅಜ್ಜನ ಅಕ್ಕ ಎರಡೂ ಕಡೆಯವರು.

ಪ್ರಶ್ನೆ: ಹೆಸರುಗಳೆಲ್ಲ ಸಿಕ್ಕಿವೆ. ಫೋಟೋ ಮೇಲೆ ಹೇಗೆ ಬರೆದಿಡಲಿ? (ಓದುಗರು, ಶಿವಮೊಗ್ಗ)

ಉತ್ತರ: ಮುಂದೆ ಏನೂ ಬರೆಯಬೇಡಿ. ಹಿಂದೆಯೂ ಬಾಲ್ ಪೆನ್ ಬೇಡ, ಒತ್ತಿದ ಗುರುತು ಮುಂದೆ ಏಳುತ್ತದೆ, ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ. ಮೆತ್ತನೆಯ ಪೆನ್ಸಿಲ್‌ನಲ್ಲಿ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಇದಕ್ಕಿಂತ ಒಳ್ಳೆಯದು, ಸ್ಕ್ಯಾನ್ ಪ್ರತಿಯ ಮೇಲೆ ಒಬ್ಬೊಬ್ಬರಿಗೂ ನಂಬರ್ ಹಾಕಿ, ಬೇರೆ ಹಾಳೆಯಲ್ಲಿ ನಂಬರ್ ಪ್ರಕಾರ ಹೆಸರು, ಊರು, ಸಂಬಂಧ ಬರೆದು ಎರಡನ್ನೂ ಒಟ್ಟಿಗೆ ಇಡಿ. ಯಾರು ಹೇಳಿದ್ದು, ಯಾವತ್ತು ಹೇಳಿದ್ದು ಅಂತಲೂ ಬರೆಯಿರಿ, ಅನುಮಾನ ಇದ್ದ ಕಡೆ ಪ್ರಶ್ನೆ ಚಿಹ್ನೆ ಹಾಕಿ. ‘ಅಜ್ಜಿ’, ‘ಚಿಕ್ಕಮ್ಮ’ ಅಂತಷ್ಟೇ ಬರೆದರೆ ಮುಂದಿನವರಿಗೆ ಯಾರ ಚಿಕ್ಕಮ್ಮ ಅಂತ ತಿಳಿಯುವುದಿಲ್ಲ. ಪೂರ್ತಿ ಹೆಸರು, ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನ ಹೆಸರು ಮತ್ತು ಊರು ಕಡ್ಡಾಯವಾಗಿ ಇರಲಿ. ಫೋಟೋವನ್ನು ಅಂಟಿಸುವ ಆಲ್ಬಂನಲ್ಲಿ ಇಡಬೇಡಿ, ಕಾಗದದ ಲಕೋಟೆ ಸಾಕು. ಸ್ಕ್ಯಾನ್ ಪ್ರತಿಯನ್ನು ಮದುಮಗಳ ತವರಿನ ಕಡೆಯವರಿಗೂ ಕಳಿಸಿಕೊಡಿ. ಅವರಲ್ಲಿ ಆ ಫೋಟೋ ಇಲ್ಲದೆಯೂ ಇರಬಹುದು.